ಬಚ್ಚಲ ಒಲೆಯ ಹೊಗೆ ಪೈಪಿಗೆ ತಾಮ್ರದ ಸುರುಳಿ ಸುತ್ತಿದ ಕತೆ

ನಮ್ಮನೆ ಬಚ್ಚಲ ಒಲೆ ಬೆಳಗ್ಗೆ ಐದೂವರೆಗೆ ಹೊತ್ತಿದರೆ ಏಳರವರೆಗೆ ಉರಿಯುತ್ತದೆ. ಅಡಿಕೆ ಸಿಪ್ಪೆ, ತೆಂಗಿನ ಮಟ್ಟೆ, ಸೋಗೆಯ ದಂಟು, ಚಳಿ ಜಾಸ್ತಿ ಇದ್ದ ದಿನ ಎರಡು ಕುಂಟೆ ಸೌದೆ. ಹಂಡೆ ನೀರು ಕಾಯುತ್ತದೆ, ಎಲ್ಲರ ಸ್ನಾನ ಮುಗಿಯುತ್ತದೆ. ಅಲ್ಲೇ ಗೋಡೆಯಾಚೆ ಅಡುಗೆಮನೆಯಲ್ಲಿ ಅಮ್ಮ ಗುಡ್ಡದಿಂದ ಪೈಪಿನಲ್ಲಿ ಬರುವ ಡಿಸೆಂಬರಿನ ಅಬ್ಬಿ ನೀರಲ್ಲಿ ಪಾತ್ರೆ ತೊಳೆಯುತ್ತಾಳೆ. ಸಾಗರದ ಕಡೆ ಆ ಹೊತ್ತಿನ ಅಬ್ಬಿ ನೀರು ಹೇಗಿರುತ್ತೆ ಅಂತ ಗೊತ್ತಿದ್ದವರಿಗೆ ಗೊತ್ತು. ಬೆರಳು ಮರಗಟ್ಟುತ್ತದೆ.

ಒಲೆಯ ಹೊಗೆ ಪೈಪನ್ನು ಮುಟ್ಟಿದರೆ ಮಾತ್ರ ಕೈ ಸುಡುತ್ತದೆ. ಆ ಬಿಸಿಯೆಲ್ಲ ಸುಮ್ನೆ ಹೊರಗೆ ಹೋಗುತ್ತಿದೆಯಲ್ಲ, ಪೈಪಿಗೆ ತಾಮ್ರದ ಸುರುಳಿ ಸುತ್ತಿ ನೀರು ಹರಿಸಿದರೆ ಅಡುಗೆಮನೆಗೆ ಬಿಸಿನೀರು ಬರುತ್ತಲ್ಲ ಅನ್ನುವುದು ಯೋಚನೆ. ಸೋಲಾರ್ ವಾಟರ್ ಹೀಟರ್ ಕೆಲಸ ಮಾಡುವ ಹಾಗೇ: ಬಿಸಿಯಾದ ನೀರು ಹಗುರಾಗಿ ಮೇಲೇಳುತ್ತದೆ, ತಣ್ಣಗಿನದು ಕೆಳಗಿಂದ ಬರುತ್ತದೆ. ಪಂಪ್ ಬೇಡ, ಕರೆಂಟ್ ಬೇಡ. ನಮ್ಮೂರ ಕರೆಂಟಿನ ಮೇಲೆ ಬೆಳಗಿನ ಯಾವ ಕೆಲಸವನ್ನೂ ಕಟ್ಟುವ ಧೈರ್ಯ ನನಗಿಲ್ಲ.

ಹೊಗೆ ಪೈಪ್ 4 ಇಂಚಿನ ಕಬ್ಬಿಣದ್ದು. ಹೊರ ವ್ಯಾಸ 114 ಮಿ.ಮೀ., ಒಳ ವ್ಯಾಸ 105. ಒಲೆಯಿಂದ ಎದ್ದು ಹೊರಗೆ ತಿರುಗುವ ಮೊದಲು 1.2 ಮೀಟರ್ ನೆಟ್ಟಗೆ ನಿಂತಿದೆ. ಮುಂಚೆ ಇಲ್ಲಿ ಸಿಮೆಂಟ್ ಪೈಪ್ ಇತ್ತು. ನಿಮ್ಮನೆಯಲ್ಲಿ ಹಳೇ ಸಿಮೆಂಟ್ ಪೈಪ್ ಇದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಅದು ಬಿಸಿಯನ್ನು ಸರಿಯಾಗಿ ಬಿಟ್ಟುಕೊಡುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಹಳೆಯದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಕೊರೆದರೆ ಏಳುವ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮೊದಲ ಲೆಕ್ಕ, ನಗಬೇಡಿ

ಕಾಲೇಜಿನಲ್ಲಿ ಕಲಿತ ಒಂದು ಸೂತ್ರ ತಲೆಯಲ್ಲಿ ಉಳಿದಿತ್ತು. ವಸ್ತುವಿನ ಉಷ್ಣವಾಹಕತೆ, ಗುಣಿಸು ವಿಸ್ತೀರ್ಣ, ಗುಣಿಸು ಎರಡು ಬದಿಯ ಉಷ್ಣತೆಯ ವ್ಯತ್ಯಾಸ, ಭಾಗಿಸು ದಪ್ಪ. ತಾಮ್ರದ ವಾಹಕತೆ ಸುಮಾರು 390. ಸುರುಳಿ ಪೈಪಿಗೆ ತಾಗುವ ಜಾಗ 0.125 ಚದರ ಮೀಟರ್ ಅಂತ ಹಿಡಿದೆ. ವ್ಯತ್ಯಾಸ 100 ಡಿಗ್ರಿ, ತಾಮ್ರದ ಗೋಡೆಯ ದಪ್ಪ 0.8 ಮಿ.ಮೀ. ಕ್ಯಾಲ್ಕುಲೇಟರ್ ಒತ್ತಿದರೆ 60 ಲಕ್ಷ ವ್ಯಾಟ್. 6 ಮೆಗಾವ್ಯಾಟ್! ಲಿಂಗನಮಕ್ಕಿ ಅಣೆಕಟ್ಟಿನ ಬುಡದ ಪವರ್‌ಹೌಸ್ 55 ಮೆಗಾವ್ಯಾಟಿನದು. ನಮ್ಮನೆಯಂಥ ಒಂಬತ್ತು ಬಚ್ಚಲ ಒಲೆ ಇದ್ದರೆ ಆ ಪವರ್‌ಹೌಸ್ ಕಟ್ಟುವ ಅಗತ್ಯವೇ ಇರಲಿಲ್ಲ.

ಸೂತ್ರ ಸರಿ, ಹಾಕಿದ ಜಾಗ ತಪ್ಪು. ತಾಮ್ರದ ಗೋಡೆಯ ಎರಡು ಬದಿಗೆ 100 ಡಿಗ್ರಿ ವ್ಯತ್ಯಾಸ ಯಾವತ್ತೂ ಇರುವುದೇ ಇಲ್ಲ. ಆದರೂ ಅವತ್ತು ನಾನು ಇದನ್ನು ಪೂರ್ತಿ ಯೋಚಿಸಲಿಲ್ಲ. "ತಾಮ್ರಕ್ಕೇನೂ ತೊಂದರೆ ಇಲ್ಲ, ಒಲೆ ಎಷ್ಟು ಕೊಡುತ್ತೋ ಅಷ್ಟು ಬರುತ್ತೆ" ಅಂತ ಮುಂದಕ್ಕೆ ಹೋದೆ.

ಒಲೆ ಎಷ್ಟು ಕೊಡುತ್ತೆ ಅನ್ನುವ ಲೆಕ್ಕ ಮಾತ್ರ ಸರಿಯಾಗೇ ಮಾಡಿದ್ದೆ. ಅಡಿಕೆ ತೂಗುವ ತಕ್ಕಡಿಯಲ್ಲಿ ಸೌದೆ ತೂಗಿ ಒಟ್ಟಿದೆ: ಗಂಟೆಗೆ 3 ಕಿಲೋ. ಒಣ ಸೌದೆಯಲ್ಲಿ ಕಿಲೋಗೆ ಸುಮಾರು 15 ಮೆಗಾಜೂಲ್. ಅಂದರೆ ಒಲೆ 12.5 ಕಿಲೋವ್ಯಾಟಿನದು. ಕಿಲೋ ಸೌದೆಗೆ ಬೇಕಾಗಿದ್ದರ ಎರಡು ಪಟ್ಟಿಗೂ ಜಾಸ್ತಿ ಗಾಳಿ ಎಳೆಯುವ ಇಂಥ ತೆರೆದ ಒಲೆಯಲ್ಲಿ ಹೊಗೆ ಸುಮಾರು 15 ಕಿಲೋ ಆಗುತ್ತದೆ, ಗಂಟೆಗೆ 45 ಕಿಲೋ. ಹೆಚ್ಚು ಬಿಸಿ ಅಳೆಯುವ ತಂತಿ, ಕೆ ಟೈಪ್ ಥರ್ಮೊಕಪಲನ್ನು ಮಲ್ಟಿಮೀಟರಿಗೆ ಸಿಕ್ಕಿಸಿ ಪೈಪಿನ ಬುಡದಲ್ಲಿ ಇಳಿಸಿದರೆ 330 ಡಿಗ್ರಿ ತೋರಿಸಿತು. ಹೊರಗಿನ ಗಾಳಿ 25 ಅಂತಿಟ್ಟರೆ 4 ಕಿಲೋವ್ಯಾಟ್ ಪೈಪಿನೊಳಗೆ ಹೊಗೆ ಜೊತೆ ಓಡುತ್ತಿದೆ. ಅರ್ಧ ಹಿಡಿದರೂ 2 ಕಿಲೋವ್ಯಾಟ್. ಗೀಸರ್ ಆಯ್ತಲ್ಲ!

ಸುತ್ತಿದ್ದು

ಪೇಟೆಯಲ್ಲಿ ಎಸಿ ರಿಪೇರಿ ಮಾಡುವ ನಮ್ಮ ಭಾವನೊಬ್ಬ ಇದ್ದಾನೆ. ಅವನ ಹತ್ತಿರ 3/8 ಇಂಚಿನ ಮೆತ್ತನೆ ತಾಮ್ರದ ಪೈಪ್ 15 ಮೀಟರ್ ತಂದೆ. ಹೊರಗೆ 9.5 ಮಿ.ಮೀ., ಒಳತೂತು 8ಕ್ಕೆ ಕೂದಲೆಳೆಯಷ್ಟು ಕಡಿಮೆ. ಹೊಗೆ ಪೈಪನ್ನು ಬಿಚ್ಚಿ ಅಂಗಳದಲ್ಲಿ ಎರಡು ಕಲ್ಲಿನ ಮೇಲಿಟ್ಟು, ಭಾವ ಪೈಪ್ ಉರುಳಿಸುವುದು, ನಾನು ತಾಮ್ರ ಎಳೆದು ಹಿಡಿಯುವುದು. ಒಂದು ಸುತ್ತಿಗೆ 39 ಸೆಂಟಿಮೀಟರ್ ಬೇಕು. 34 ಸುತ್ತು ಬಂತು, ಮೇಲೊಂದು ಕೆಳಗೊಂದು ಬಾಲ ಉಳಿಯಿತು. 40 ಲೀಟರಿನ ಸ್ಟೀಲ್ ಡ್ರಮ್ ಸ್ವಲ್ಪ ಮೇಲೆ ಗೋಡೆಗೆ ಕೂತಿತು. ಸುರುಳಿಯ ನಡುವಿಗೂ ಡ್ರಮ್ಮಿನ ನಡುವಿಗೂ 60 ಸೆಂಟಿಮೀಟರ್ ಎತ್ತರದ ವ್ಯತ್ಯಾಸ ಸಿಕ್ಕಿತು. ಇನ್ನೂ ಮೇಲೆ ಇಡೋಣ ಅಂದರೆ ಮಾಡಿನ ಪಕಾಸಿ ಅಡ್ಡ.

ಜಿಐ (ಸತು ಲೇಪಿಸಿದ ಕಬ್ಬಿಣ) ಡ್ರಮ್ ಬೇಡ ಅಂದಿದ್ದು ಭಾವ. ತಾಮ್ರ ಮತ್ತು ಜಿಐ ಒಂದೇ ನೀರಿನ ಸುತ್ತಿನಲ್ಲಿದ್ದರೆ ಜಿಐ ಬೇಗ ತಿಂದುಹೋಗುತ್ತದೆ. ಒಲೆ ಹತ್ತಿರದ ಜೋಡಣೆಗಳಿಗೆ ಸೀಸದ ಬೆಸುಗೆಯೂ ಬೇಡ, ತವರ ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗುತ್ತದೆ. ಗ್ಯಾಸ್ ಇಟ್ಟು ಬ್ರೇಜಿಂಗ್ (ಹೆಚ್ಚು ಬಿಸಿಯ ಗಟ್ಟಿ ಬೆಸುಗೆ) ಮಾಡಿಸಿದೆವು. ಇನ್ನೊಂದು ಮಾತು ನೆನಪಿಟ್ಟುಕೊಳ್ಳಿ: ಡ್ರಮ್ಮಿಗೂ ಸುರುಳಿಗೂ ನಡುವೆ ಎಲ್ಲೂ ವಾಲ್ವ್ ಹಾಕಬಾರದು. ಡ್ರಮ್ಮಿನ ಬಾಯಿ ಗಾಳಿಗೆ ತೆರೆದೇ ಇರಬೇಕು. ಉರಿಯುವ ಒಲೆಗೆ ಸುತ್ತಿದ ನೀರನ್ನು ಮುಚ್ಚಿಟ್ಟರೆ ಅದು ಬಾಂಬು.

ಭಾನುವಾರ ಬೆಳಗ್ಗೆ ಒಲೆ ಹೊತ್ತಿತು. ಸುರುಳಿಯ ಕೆಳಬಾಯಿಗೆ 22 ಡಿಗ್ರಿಯ ನೀರು ಹೋಗಿ ಮೇಲಿಂದ 67 ಡಿಗ್ರಿಯದು ಬರತೊಡಗಿತು. ಕುಣಿದುಬಿಟ್ಟೆ. (ಇಲ್ಲೊಂದು ಮೋಸ ಇದೆ. ದೂರದಿಂದಲೇ ಬಿಸಿ ಅಳೆಯುವ ಗನ್ ಥರ್ಮಾಮೀಟರ್ ಹಿಡಿದರೆ ಮಿರಿಮಿರಿ ತಾಮ್ರ 38 ಅಂತ ತೋರಿಸುತ್ತಿತ್ತು, ಮುಟ್ಟಿದರೆ ಬೆರಳು ಚುರ್ ಅನ್ನುತ್ತಿತ್ತು. ಹೊಳೆಯುವ ಲೋಹ ತನ್ನ ಬಿಸಿಯನ್ನು ಅದಕ್ಕೆ ಕಾಣಿಸುವುದಿಲ್ಲ. ಒಂದು ತುಂಡು ಕರಿ ಟೇಪ್ ಸುತ್ತಿ ಅದರ ಮೇಲೆ ಗನ್ ಹಿಡಿದರೆ ಸರಿಯಾಗಿ ಬರುತ್ತದೆ.)

ಒಂದು ಗಂಟೆ ಆದ ಮೇಲೆ ಡ್ರಮ್ ಕಲಕಿ ನೋಡಿದೆ. 22 ಇದ್ದದ್ದು 26.5 ಆಗಿತ್ತು.

40 ಕಿಲೋ ನೀರು, 4.5 ಡಿಗ್ರಿ, ಕಿಲೋಗೆ ಡಿಗ್ರಿಗೆ 4.186 ಕಿಲೋಜೂಲ್. ಒಟ್ಟು 753 ಕಿಲೋಜೂಲ್. 3600 ಸೆಕೆಂಡಿಗೆ ಹಂಚಿದರೆ 209 ವ್ಯಾಟ್. ನಾನು ಕನಸು ಕಂಡಿದ್ದು 2000. ಅಪ್ಪಯ್ಯ ಡ್ರಮ್ಮಿಗೆ ಕೈ ಅದ್ದಿ, "ಎಂತ ಮಾಣಿ, ಇದು ಬಿಸಿಲಿಗಿಟ್ಟಿದ್ದರೂ ಆಗ್ತಿತ್ತಲ್ಲ?" ಅಂದರು.

ಬಸ್ ಟಿಕೆಟ್ ತೂರುವ ಸಂದು

ಒಲೆ ಆರಿದ ಮೇಲೆ ಪೈಪಿನ ಪಕ್ಕ ಕೂತು ನೋಡಿದೆ. ಜೇಬಲ್ಲಿದ್ದ ಬಸ್ ಟಿಕೆಟನ್ನು ಸುರುಳಿಗೂ ಪೈಪಿಗೂ ನಡುವೆ ತೂರಿಸಿದರೆ ಸರಾಗ ಹೋಯಿತು. ಮಡಚಿ ನಾಲ್ಕು ಪದರ ಮಾಡಿದೆ, ಆಗಲೂ ಹೋಯಿತು. ತಾಮ್ರ ಸುತ್ತುವಾಗ ಬಿಗಿಯಾಗೇ ಇತ್ತು. ಕೈ ಬಿಟ್ಟ ತಕ್ಷಣ ಸ್ಪ್ರಿಂಗಿನ ಹಾಗೆ ಚೂರು ಬಿಚ್ಚಿಕೊಂಡಿದೆ, ಅಷ್ಟೇ. ಇದಕ್ಕೆ 3 ಇಂಚಿನ ಪೈಪಿಗೆ ಸುತ್ತಿ, ಆಮೇಲೆ ತಿರುಚಿ ಅಗಲಿಸಿ 4 ಇಂಚಿನದಕ್ಕೆ ತೊಡಿಸಬೇಕಿತ್ತು. ತಾನಾಗಿ ಅಪ್ಪಿ ಹಿಡಿಯುತ್ತಿತ್ತು.

ಬಿಗಿಯಾಗಿದ್ದರೂ ದುಂಡಗಿನದು ದುಂಡಗಿನದಕ್ಕೆ ತಾಗುವುದು ಒಂದು ಗೆರೆಯಲ್ಲಿ ಮಾತ್ರ. ಉಳಿದಿದ್ದೆಲ್ಲ ಗಾಳಿ. ಗಾಳಿಯ ವಾಹಕತೆ 0.03ರ ಆಸುಪಾಸು, ತಾಮ್ರದ್ದು 390. ಹದಿಮೂರು ಸಾವಿರ ಪಟ್ಟು ಕಡಿಮೆ! ಸರಾಸರಿ ಒಂದೂವರೆ ಮಿ.ಮೀ. ಗಾಳಿ ಅಂತ ಹಿಡಿದರೆ ಆ 0.125 ಚದರ ಮೀಟರಿನಲ್ಲಿ ಡಿಗ್ರಿಗೆ 2.5 ವ್ಯಾಟ್ ದಾಟುತ್ತದೆ. ಹೊಗೆ ಪೈಪಿನ ಮೈ ಆಗ ಸರಾಸರಿ 130 ಡಿಗ್ರಿ, ಸುರುಳಿ 45ರ ಹತ್ತಿರ. 85 ಡಿಗ್ರಿಗೆ 2.5 ಅಂದರೆ 212 ವ್ಯಾಟ್. ಅಳೆದದ್ದು 209. ಗಾಳಿಯ ದಪ್ಪ ನನ್ನ ಅಂದಾಜು, ಹಾಗಾಗಿ ಇಷ್ಟು ಹತ್ತಿರ ಕೂತಿದ್ದು ಅದೃಷ್ಟ. ಆದರೆ ತಡೆ ಎಲ್ಲಿದೆ ಅನ್ನುವುದು ಗೊತ್ತಾಯ್ತು.

ಅಬ್ಬಿ ನೀರಿನ ಪೈಪ್ ಎಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗುಡ್ಡದಿಂದ ಮನೆವರೆಗೆ ಒಂದಿಂಚಿನ ಪೈಪ್ ಹಾಕಿ ನಡುವೆ ಒಂದೇ ಕಡೆ ಎಲೆ ಸಿಕ್ಕಿಕೊಂಡರೆ ಮನೆಗೆ ಬರುವುದು ಆ ಎಲೆ ಬಿಟ್ಟಷ್ಟೇ ನೀರು. ಬಿಸಿಯೂ ಹಾಗೇ ಸಾಲಾಗಿ ದಾಟಿಕೊಂಡು ಬರಬೇಕು: ಹೊಗೆಯಿಂದ ಕಬ್ಬಿಣಕ್ಕೆ, ಕಬ್ಬಿಣದಿಂದ ಸಂದಿಗೆ, ಸಂದಿಯಿಂದ ತಾಮ್ರಕ್ಕೆ, ತಾಮ್ರದಿಂದ ನೀರಿಗೆ. ನಾನು ಲೆಕ್ಕ ಹಾಕಿದ್ದು ಇದ್ದುದರಲ್ಲಿ ಅಗಲವಾದ ಪೈಪಿನದು.

ಸಂದು ಮುಚ್ಚಲು ಬೆಂಕಿ ತಡೆಯುವ ಜೇಡಿಮಣ್ಣು, ಫೈರ್ ಕ್ಲೇ ತಂದೆ. ಗ್ರ್ಯಾಫೈಟ್ ಪುಡಿ ಸೇರಿಸಿ, ಸೋಡಿಯಂ ಸಿಲಿಕೇಟ್ ದ್ರಾವಣದಲ್ಲಿ ಇಡ್ಲಿ ಹಿಟ್ಟಿಗಿಂತ ಗಟ್ಟಿ, ಚಪಾತಿ ಹಿಟ್ಟಿಗಿಂತ ಸಡಿಲ ಹದಕ್ಕೆ ಕಲಸಿದೆ. ಸುರುಳಿಯನ್ನು ಮರದ ಕೊಡತಿಯಲ್ಲಿ ತಟ್ಟಿ ಕೂರಿಸಿ, ಅಲ್ಲಲ್ಲಿ ಕಟ್ಟುತಂತಿ ಬಿಗಿದು, ಎರಡೂ ಬದಿಯ ಮೂಲೆಗೆ ಬೆರಳಲ್ಲಿ ಹಿಟ್ಟು ಒತ್ತಿದೆ. ಅಮ್ಮ ನೋಡಿ, "ಗಣಪತಿ ಮಾಡ್ತಿದ್ದೀಯಾ?" ಅಂದಳು. ಎರಡು ದಿನ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಒಂದು ದಿನ ಕಾಯಿಸಿದೆ. ಅವಸರ ಮಾಡಿದರೆ ಬಿರುಕು ಬಿಡುತ್ತದೆ. ಮೇಲೆ ಬಿಸಿ ತಡೆಯುವ ಒಂದಿಂಚು ರಾಕ್‌ವೂಲ್, ಅದರ ಮೇಲೆ ತಗಡಿನ ಕವಚ. ಇದರ ವಾಹಕತೆ 1 ಅಂತ ಹಿಡಿದರೂ ಸಂದು ಈಗ ಡಿಗ್ರಿಗೆ 80 ವ್ಯಾಟ್ ಬಿಡುತ್ತದೆ. 2.5 ಎಲ್ಲಿ, 80 ಎಲ್ಲಿ!

ಡ್ರಮ್ ಗುಡುಗಿದ್ದು

ಮುಂದಿನ ಭಾನುವಾರ ಒಲೆ ಹೊತ್ತಿಸಿ ಇಪ್ಪತ್ತು ನಿಮಿಷ ಆಗಿರಬಹುದು. ಸುರುಳಿಯೊಳಗೆ ಗುಳುಗುಳು ಶುರುವಾಯಿತು. ಆಮೇಲೆ ಯಾರೋ ಒಳಗಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಢಬ್, ಢಬ್. ಹಲ್ಲುಜ್ಜುತ್ತಿದ್ದ ಅಪ್ಪಯ್ಯ ಬ್ರಷ್ ಬಾಯಲ್ಲಿಟ್ಟುಕೊಂಡೇ ಅಂಗಳಕ್ಕೆ ಓಡಿದರು. ಡ್ರಮ್ಮಿನ ಬಾಯಿಂದ ಕುದಿನೀರು ಚಿಮ್ಮಿ ಪಕಾಸಿಗೆ ಬಡಿಯಿತು. ಸೌದೆ ಹೊರಗೆಳೆದು ನೀರು ಹೊಯ್ದು ಆರಿಸಿದೆ. ಬಾಯಿ ತೆರೆದಿದ್ದಕ್ಕೆ ಬಚಾವಾದೆವು.

ನೀರು ಮೇಲೇಳುವುದು ಬಿಸಿ ಮತ್ತು ತಣ್ಣೀರಿನ ತೂಕದ ವ್ಯತ್ಯಾಸದಿಂದ. ಆ ತಳ್ಳುವ ಬಲ ತೀರಾ ಸಣ್ಣದು. ನಮ್ಮ 60 ಸೆಂಟಿಮೀಟರ್ ಎತ್ತರಕ್ಕೆ, 22 ಮತ್ತು 67 ಡಿಗ್ರಿ ನೀರಿಗೆ, ಸುಮಾರು 108 ಪಾಸ್ಕಲ್. ಹನ್ನೊಂದು ಮಿಲಿಮೀಟರ್ ನೀರಿನ ಒತ್ತಡ, ಬೆರಳಿನ ಅರ್ಧ ಗೆಣ್ಣಿನಷ್ಟು. ಅದು 15 ಮೀಟರ್ ಉದ್ದದ, ಪೆನ್ಸಿಲ್ಲಿನಷ್ಟೇ ಸಣ್ಣ ತೂತಿನಲ್ಲಿ ನೀರನ್ನು ತಳ್ಳಬೇಕು. ಮೊದಲ ಸಲದ 209 ವ್ಯಾಟನ್ನು 45 ಡಿಗ್ರಿಗೆ ಭಾಗಿಸಿ ನೋಡಿದರೆ ಹರಿವು ನಿಮಿಷಕ್ಕೆ 67 ಮಿಲಿಲೀಟರ್. ಅರ್ಧ ಲೋಟ ಕಾಫಿ!

ಅವತ್ತು ಬಿಸಿಯೇ ಕಡಿಮೆ ಬರುತ್ತಿದ್ದರಿಂದ ಇದು ಸಾಕಾಗಿತ್ತು. ಈಗ ನಾಲ್ಕು ಪಟ್ಟು ಬಿಸಿ. ಬಿಸಿ ಏರಿದರೆ ತಳ್ಳುವ ಬಲವೂ ಏರುತ್ತದೆ, ನೀರೂ ತೆಳ್ಳಗಾಗಿ ಸಲೀಸಾಗಿ ಓಡುತ್ತದೆ. ಎರಡನ್ನೂ ಹಿಡಿದು ಲೆಕ್ಕ ಹಾಕಿದರೂ ಹೊರಬರುವ ನೀರು 95 ಡಿಗ್ರಿ ದಾಟಬೇಕು. ಡ್ರಮ್ ಚೂರು ಬೆಚ್ಚಗಾದರೆ ಸಾಕು, ಕುದಿಯಲೇಬೇಕು. ಮೇಲಾಗಿ ಕೊಡತಿಯಲ್ಲಿ ತಟ್ಟಿ ತೂತನ್ನು ಅಲ್ಲಲ್ಲಿ ಚಪ್ಪಟೆ ಬೇರೆ ಮಾಡಿದ್ದೆ.

ನಿಧಾನವಾಗಿ ಹರಿಯುವ ನೀರಿಗೆ ಪೈಪಿನ ತಡೆ ಉದ್ದಕ್ಕೆ ತಕ್ಕಂತೆ ಏರುತ್ತದೆ, ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಅರ್ಧ ಇಂಚಿನ ಪೈಪ್ ತಂದಿದ್ದರೆ ಮೂರೂವರೆ ಪಟ್ಟಿಗೂ ಜಾಸ್ತಿ ಸಲೀಸು. ಆದರೆ ತಾಮ್ರದ ರೇಟು ನೋಡಿದ ಮೇಲೆ ಇದ್ದುದರಲ್ಲೇ ಏನಾದರೂ ಮಾಡೋಣ ಅನ್ನಿಸಿತು. ಸುರುಳಿಯನ್ನು ಎರಡು ಕಡೆ ಕತ್ತರಿಸಿ ಮೂರು ತುಂಡು ಮಾಡಿದೆ. ಮೂರರ ಕೆಳಬಾಯಿಗಳನ್ನೂ ಮುಕ್ಕಾಲು ಇಂಚಿನ ಒಂದು ನಿಂತ ಪೈಪಿಗೆ, ಮೂರರ ಮೇಲ್ಬಾಯಿಗಳನ್ನೂ ಇನ್ನೊಂದಕ್ಕೆ ಸೇರಿಸಿದೆವು. ಪ್ರತಿ ತುಂಡಿನ ಉದ್ದ ಮೂರನೇ ಒಂದು ಭಾಗ, ದಾರಿ ಮೂರು. ಒಟ್ಟು ಒಂಬತ್ತು ಪಟ್ಟು ಸಲೀಸು. ಬ್ರೇಜಿಂಗಿಗೆ ಭಾವನ ಇನ್ನೊಂದು ಭಾನುವಾರ ಹೋಯಿತು. ಅವನಿಗೆ ಒಂದು ಗೊನೆ ಬಾಳೆಕಾಯಿ ಕೊಟ್ಟು ಕಳಿಸಿದೆ.

ಮೇಲಕ್ಕೆ ಹೋಗುವ ಪೈಪು ಎಲ್ಲೂ ಗೂನು ಬೆನ್ನು ಆಗದಂತೆ ನೋಡಿಕೊಂಡೆವು. ಗೂನಿನಲ್ಲಿ ಗಾಳಿ ಕೂತರೆ 11 ಮಿಲಿಮೀಟರಿನ ಒತ್ತಡ ಅದನ್ನು ದಾಟುವುದಿಲ್ಲ.

ಈ ಸಲ 25ಕ್ಕೆ ಹೋದ ನೀರು 55ಕ್ಕೆ ಬಂತು. ಸದ್ದಿಲ್ಲ, ಸುದ್ದಿಯಿಲ್ಲ. ಒಂದು ಗಂಟೆಯಲ್ಲಿ 40 ಲೀಟರ್ 18 ಡಿಗ್ರಿ ಏರಿತು. 837 ವ್ಯಾಟ್. ಹರಿವು ನಿಮಿಷಕ್ಕೆ 400 ಮಿಲಿಲೀಟರ್. ಒಂಬತ್ತು ಪಟ್ಟು ಬರದೆ ಆರೇ ಪಟ್ಟು ಬಂದದ್ದು ಏಕೆಂದರೆ ನೀರು ಈಗ ಅಷ್ಟು ಬಿಸಿಯಾಗುವುದಿಲ್ಲ, ತಳ್ಳುವ ಬಲವೂ ಕಡಿಮೆ. ಒಲೆ ಆರುವ ಹೊತ್ತಿಗೆ ಡ್ರಮ್ 49 ಡಿಗ್ರಿ. ಎಣ್ಣೆ ಜಿಡ್ಡಿನ ಬಾಣಲೆಗೆ ಇದು ಧಾರಾಳ ಸಾಕು.

2000 ಯಾಕೆ ಬರಲ್ಲ

ಈಗ ಉಳಿದ ತಡೆ ಹೊಗೆಯದ್ದೇ. ಬಿಸಿ ಗಾಳಿ ಕಬ್ಬಿಣಕ್ಕೆ ಬಿಸಿ ಕೊಡುವುದರಲ್ಲಿ ಮಹಾ ಜಿಪುಣ. ಪೈಪಿನೊಳಗೆ ಹೊಗೆಯ ವೇಗ ಸೆಕೆಂಡಿಗೆ ಎರಡೂವರೆ ಮೀಟರ್. ಆ ವೇಗಕ್ಕೆ ಚದರ ಮೀಟರಿಗೆ ಡಿಗ್ರಿಗೆ 8 ವ್ಯಾಟ್ ಬಂದರೆ ಹೆಚ್ಚು. ಹೊಗೆ ಮತ್ತು ಕರಿ ಸೂಸುವ ವಿಕಿರಣಕ್ಕೆ ಇನ್ನೊಂದು 4 ಸೇರಿಸಿ, 12. ಪೈಪಿನ ಒಳಮೈ 0.4 ಚದರ ಮೀಟರ್. ಹೊಗೆ ಸರಾಸರಿ 290, ಪೈಪಿನ ಗೋಡೆ ಈಗ 80. ಗುಣಿಸಿದರೆ 1008 ವ್ಯಾಟ್. ನಾನು ಚಿನ್ನದ ಪೈಪ್ ಸುತ್ತಿದ್ದರೂ ಇಷ್ಟೇ. ಜಾಸ್ತಿ ಬೇಕಿದ್ದರೆ ಪೈಪ್ ಉದ್ದ ಮಾಡಬೇಕು, ಇಲ್ಲಾ ಸುರುಳಿಯನ್ನು ಹೊಗೆಯೊಳಗೇ ಇಳಿಸಬೇಕು. ಒಳಗಿಳಿಸಿದರೆ ಒಲೆಯ ಎಳೆತ ಸತ್ತು ಬಚ್ಚಲು ತುಂಬ ಹೊಗೆ. ಬೇಡ.

ಮೂರು ವಾರ ಕಳೆದ ಮೇಲೆ ಏರಿಕೆ 18ರಿಂದ 15ಕ್ಕೆ ಇಳಿಯಿತು. ಒಳಗೆ ಟಾರ್ಚ್ ಬಿಟ್ಟರೆ ಎರಡು ಮಿ.ಮೀ. ದಪ್ಪ ಇಲ್ಲಣ (ಹೊಗೆಯ ಮಸಿ), ಹೊಳೆಯುವ ಡಾಂಬರಿನ ಹಾಗೆ. ಮೊದಲು ಇಷ್ಟು ಬೇಗ ಕಟ್ಟುತ್ತಿರಲಿಲ್ಲ. ಗೋಡೆ ತಣ್ಣಗಾದ ಕಾರಣ ಹೊಗೆಯ ಜಿಡ್ಡು ಅಲ್ಲೇ ಕೂರುತ್ತಿದೆ, ಅದರಲ್ಲೂ ಬೆಳಗಿನ ತಣ್ಣೀರಿನ ಮೊದಲ ಹದಿನೈದು ನಿಮಿಷ. ಜಾಸ್ತಿ ಆದರೆ ಪೈಪಿನೊಳಗೇ ಬೆಂಕಿ ಹಿಡಿಯಬಹುದು. ತೆಂಗಿನ ಕತ್ತದ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಮೇಲಿಂದ ಇಳಿಸಿ ಉಜ್ಜಿದೆ. ಮರುದಿನ ಮತ್ತೆ 18. ಈಗ ಅಮಾವಾಸ್ಯೆಗೊಮ್ಮೆ ಉಜ್ಜುವುದು ಅಂತ ಮಾಡಿಕೊಂಡಿದ್ದೇನೆ, ನೆನಪಿಡಲು ಸುಲಭ.

ಅಪ್ಪಯ್ಯನ ತಕರಾರು ಬಂದದ್ದು ಆಮೇಲೆ. "ಬಚ್ಚಲು ಯಾಕೋ ಚಳಿ ಚಳಿ." ಅವರು ಹೇಳಿದ್ದು ಸರಿ. ಸುರುಳಿ ಇಲ್ಲದಾಗ ಬರೀ ಪೈಪಿನ ಮೈ ಸರಾಸರಿ 140 ಡಿಗ್ರಿ ಇರುತ್ತಿತ್ತು. ಅದೇ 12, ಅದೇ 0.4 ಹಾಕಿ ಲೆಕ್ಕ ಮಾಡಿದರೆ ಆಗಲೂ ಸುಮಾರು 770 ವ್ಯಾಟ್ ಬಿಡುತ್ತಿತ್ತು. ಬಿಡುತ್ತಿದ್ದದ್ದು ಬಚ್ಚಲುಮನೆಗೆ. ಹೊರಗೆ ಹೋಗುತ್ತಿದ್ದ ಬಿಸಿಯನ್ನು ಹಿಡಿದೆ ಅಂದುಕೊಂಡಿದ್ದೆ. ಹಿಡಿದಿದ್ದು ಸ್ನಾನ ಮುಗಿಸಿ ಮೈ ಒರೆಸಿಕೊಳ್ಳುವವರ ಬಿಸಿ.

ಜೂನಿನಲ್ಲಿ ಮಳೆ ಹಿಡಿದಾಗ ಇನ್ನೊಂದು ಎದ್ದಿತು. ನಮ್ಮಲ್ಲಿ ಮಳೆಗಾಲದ ಬಟ್ಟೆ ಒಣಗುವುದೇ ಬಚ್ಚಲ ಒಲೆ ಮೇಲಿನ ಬಿದಿರ ಗಳುವಿನಲ್ಲಿ. ಮೂರು ದಿನವಾದರೂ ಅಪ್ಪಯ್ಯನ ಪಂಚೆ ಹಸಿ, ಮೇಲೆ ಮುಗ್ಗಲು ವಾಸನೆ. ತಗಡು, ರಾಕ್‌ವೂಲ್ ಬಿಚ್ಚಿಟ್ಟೆ. ಪೂರ್ತಿ ಸರಿಹೋಗಲಿಲ್ಲ, ಸುರುಳಿಯ ನೀರು ಪೈಪನ್ನು ತಣ್ಣಗಿಟ್ಟೇ ಇತ್ತು. ಕೊನೆಗೆ ಒಲೆ ಆರಿದ್ದಾಗ ಸುರುಳಿಯ ಬುಡಕ್ಕಿಂತ ಕೆಳಗಿರುವ ನಲ್ಲಿ ಬಿಟ್ಟು ಡ್ರಮ್, ಸುರುಳಿ ಎಲ್ಲ ಖಾಲಿ ಮಾಡಿದೆ. ಖಾಲಿ ಸುರುಳಿಗೆ 140 ಡಿಗ್ರಿ ಏನೂ ಮಾಡುವುದಿಲ್ಲ. ಆದರೆ ಕಾದ ಖಾಲಿ ಸುರುಳಿಗೆ ನೀರು ಬಿಡಬಾರದು, ತಕ್ಷಣ ಆವಿಯಾಗಿ ಎಗರುತ್ತದೆ. ಅದಕ್ಕೆ ಡ್ರಮ್ಮಿನ ಮೇಲೆ ಸುಣ್ಣದಲ್ಲಿ ದೊಡ್ಡದಾಗಿ ಬರೆದಿದ್ದೇನೆ: ಒಲೆ ತಣ್ಣಗಿದ್ದಾಗ ಮಾತ್ರ ನೀರು ತುಂಬಿ.

"ನೀರು ಬೇಕಲ್ಲ ನಿನಗೆ, ಪಾತ್ರೆ ತೊಳೆಯೋಕೆ?" ಅಂತ ಅಮ್ಮನನ್ನು ಕೇಳಿದೆ.

"ಬಟ್ಟೆ ಒಣಗಲಿ ಮಾರಾಯ. ಪಾತ್ರೆಗೆ ಹಂಡೆಯಿಂದ ಎರಡು ಕೊಡ ತಂದುಕೊಳ್ತೇನೆ," ಅಂದಳು.